ಬಾಯಿಲ್ಲದವರ ಪಾಲು

ಜನ ಕೊಟ್ಟ ದೂರು ಯಾವ ಸಾಹೇಬನ ಮೇಜಿನ ಮೇಲೂ ಧೂಳು ತಿನ್ನದೆ, ತಾನೇ ಎದ್ದು ಹೋಗಿ ಕೆಲಸ ಮಾಡಿಸಿಕೊಂಡು ಬಂದರೆ ಹೇಗಿರುತ್ತದೆ? ಕಲಬುರಗಿಯ ಅಂಬಾರಾಯ ಹರಸೂರನಿಗೆ ಈ ಯೋಚನೆ ಬಂದಾಗ ಅವನ ತಲೆ ಅರ್ಧ ನರೆತಿತ್ತು. ಅಲ್ಲಿಯತನಕ ಅವನು ರಾಷ್ಟ್ರೀಯ ಜನಾಯುಕ್ತರ ಕಚೇರಿಯಲ್ಲಿ ತನಿಖಾಧಿಕಾರಿಯಾಗಿ ಚಪ್ಪಲಿ ಸವೆಸಿದ್ದ. ಸರ್ಕಾರ ಪ್ರಜೆಗೆ ಅನ್ಯಾಯ ಮಾಡಿದರೆ ಪ್ರಜೆಯ ಪರ ನಿಂತು ಸರ್ಕಾರವನ್ನು ಕೇಳಬೇಕಾದ ಕಚೇರಿ ಅದು. ಕೇಳಬಹುದು, ಅಷ್ಟೇ; ಕಚ್ಚಲಿಕ್ಕೆ ಹಲ್ಲಿಲ್ಲ. ತಿಂಗಳುಗಟ್ಟಲೆ ಊರೂರು ಅಲೆದು, ಸಾಕ್ಷಿ ಕಲೆಹಾಕಿ, ಹೌದು ಈ ಮುದುಕಿಗೆ ಅನ್ಯಾಯವಾಗಿದೆ ಎಂದು ಶಿಫಾರಸು ಬರೆದರೆ, ಇಲಾಖೆಯವರು ‘ಗಮನಿಸಲಾಗಿದೆ’ ಎಂದು ಒಂದು ಸಾಲು ಗೀಚಿ ಕೈತೊಳೆದುಕೊಳ್ಳುತ್ತಿದ್ದರು. ಅಷ್ಟರಲ್ಲಿ ಮುದುಕಿ ಸತ್ತಿರುತ್ತಿದ್ದಳು. ಇಂಥ ಸಾಲುಗಳನ್ನು ಓದಿ ಓದಿ ಅಂಬಾರಾಯನ ಹೊಟ್ಟೆ ಉರಿದುಹೋಗಿತ್ತು.

ಆ ಹೊತ್ತಿಗೆ ದೇಶಕ್ಕೆ ಸಮತೋಲ ಎಂಬ ಯಂತ್ರ ಬಂತು. ಬೇಸಿಗೆ ಎಂಬುದು ಆಗಲೇ ಮನುಷ್ಯರು ಬದುಕುವಂಥದ್ದಾಗಿ ಉಳಿದಿರಲಿಲ್ಲ. ಮಧ್ಯಾಹ್ನ ಹೊರಗೆ ಬಿದ್ದ ಕಾಗೆ ಸಂಜೆಗೆ ಒಣಗಿ ಹಪ್ಪಳವಾಗುತ್ತಿತ್ತು. ತಂಪು ಯಂತ್ರವಿಲ್ಲದೆ ಯಾರೂ ಉಳಿಯುವಂತಿರಲಿಲ್ಲ. ಎಲ್ಲರ ಯಂತ್ರಕ್ಕೂ ಸಾಲುವಷ್ಟು ವಿದ್ಯುತ್ತು ಮಾತ್ರ ಇರಲಿಲ್ಲ. ನದಿಗಳು ತಳ ಕಂಡಿದ್ದರಿಂದ ದೊಡ್ಡ ಸ್ಥಾವರಗಳು ಅರ್ಧಕ್ಕರ್ಧ ನಿಂತಿದ್ದವು, ಧೂಳು ಕವಿದ ಆಕಾಶದ ಕೆಳಗೆ ಸೌರಫಲಕಗಳು ಮಂಕಾಗಿ ಮಲಗಿದ್ದವು. ದಿನಾ ಮಧ್ಯಾಹ್ನ ಯಾರದಾದರೂ ಮನೆಯ ಕರೆಂಟು ತೆಗೆಯಲೇಬೇಕಿತ್ತು. ಯಾರದು? ಮೊದಲು ಅಧಿಕಾರಿಗಳು ನಿರ್ಧರಿಸುತ್ತಿದ್ದರು, ಹಾಗಾಗಿ ಮಂತ್ರಿಯ ಬೀದಿಯಲ್ಲಿ ಒಂದು ದಿನವೂ ಫ್ಯಾನು ನಿಲ್ಲಲಿಲ್ಲ. ಜನ ದಂಗೆಯೆದ್ದರು. ಆಗ ಕೆಲಸವನ್ನು ಸಮತೋಲವೆಂಬ ಯಂತ್ರಬುದ್ಧಿಯ ಕೈಗೆ ಕೊಟ್ಟರು. ಅದಕ್ಕೆ ನೆಂಟರಿಲ್ಲ, ಜಾತಿಯಿಲ್ಲ, ಲಂಚ ತಿನ್ನಲು ಬಾಯಿಲ್ಲ. ಕದ್ದುಮುಚ್ಚಿ ಕೂಡಿಡಬಾರದೆಂದು ಮನೆಮನೆಯ ಬ್ಯಾಟರಿಯನ್ನೂ ಅದಕ್ಕೇ ಜೋಡಿಸಿದರು.

ಆದರೆ ಯಂತ್ರಕ್ಕೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಮನುಷ್ಯನೇ ಹೇಳಿಕೊಡಬೇಕು. ಅಲ್ಲಿ ಕೈಹಾಕಿದವನು ನಮ್ಮ ಅಂಬಾರಾಯ. ತಜ್ಞರ ಸಮಿತಿಯ ಮುಂದೆ ನಿಂತು ಅವನು ವಾದಿಸಿದ್ದು ಸರಳವಾಗಿತ್ತು. ಪ್ರಜೆಯೊಬ್ಬ ಬಂದು ನನ್ನ ಮನೆಯ ಕರೆಂಟು ತೆಗೆದದ್ದು ಅನ್ಯಾಯ ಎಂದು ದೂರು ಕೊಡಲಿ. ಜನಾಯುಕ್ತರ ಪೀಠ ವಿಚಾರಿಸಲಿ. ದೂರು ಖರೆ ಎಂದು ಎತ್ತಿಹಿಡಿದರೆ ಅದು ನೇರವಾಗಿ ಯಂತ್ರಕ್ಕೆ ಹೋಗಿ, ಯಂತ್ರದ ಲೆಕ್ಕದಲ್ಲಿ ತಪ್ಪೆಂದು ದಾಖಲಾಗಲಿ. ಅಂಥ ತಪ್ಪುಗಳನ್ನು ಕಡಿಮೆ ಮಾಡುವುದೇ ಯಂತ್ರದ ಗುರಿಯಾಗಲಿ. ನಡುವೆ ಒಬ್ಬನೇ ಒಬ್ಬ ಅಧಿಕಾರಿ ಇರಬಾರದು. ಸಮಿತಿ ಒಪ್ಪಿತು. ಬಹುಶಃ ಅದಕ್ಕೆ ಖರ್ಚಿಲ್ಲವೆಂದು ಒಪ್ಪಿತು, ಇರಲಿ. ಬೆಳಿಗ್ಗೆ ಎತ್ತಿಹಿಡಿದ ದೂರಿಗೆ ಮಧ್ಯಾಹ್ನ ಫಲ ಸಿಗತೊಡಗಿತು. ನಿವೃತ್ತ ಮಾಸ್ತರರೊಬ್ಬರು ಪೀಠದ ಮುಂದೆ ಅಂಬಾರಾಯನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟರು. ಅವನನ್ನು ಕಲಬುರಗಿ ಪೀಠಕ್ಕೆ ಉಪ ಜನಾಯುಕ್ತನನ್ನಾಗಿ ಮಾಡಿದರು. ಹುಟ್ಟಿದ್ದು ಸಾರ್ಥಕವಾಯಿತು ಎಂದು ಅವನಿಗೆ ಅನ್ನಿಸಿದ್ದು ಸುಳ್ಳಲ್ಲ.

ಹೆಂಡತಿ ಜಗದೇವಿಯೂ ಹಿಂದೊಮ್ಮೆ ಅವನ ಮುಂದೆ ದೂರು ತಂದವಳೇ. ಹರೆಯದಲ್ಲಿ ತೊಗರಿ ಬೇಳೆಯ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದಳು. ಕಾಳು ಒಣಗಿಸುವ ಭಟ್ಟಿ ಸಿಡಿದು ಬೆನ್ನು, ಎರಡೂ ತೋಳು, ಕುತ್ತಿಗೆ ಸುಟ್ಟವು. ಸರ್ಕಾರಿ ಆಸ್ಪತ್ರೆಯವರು ಗಿರಣಿಯ ಗಾಯಕ್ಕೆ ಚರ್ಮದ ಕಸಿ ನಮ್ಮ ನಿಯಮದಲ್ಲಿ ಬರುವುದಿಲ್ಲ ಎಂದು ಹೊರಗೆ ಹಾಕಿದಾಗ, ಬ್ಯಾಂಡೇಜು ಸುತ್ತಿಕೊಂಡೇ ಜನಾಯುಕ್ತರ ಕಚೇರಿಗೆ ಬಂದು ಕೂತಿದ್ದಳು. ತನಿಖೆಗೆ ಹೋದ ಅಂಬಾರಾಯ ಒಂದು ಪ್ರಶ್ನೆ ಕೇಳಿದರೆ ಅವಳು ಹತ್ತು ಕೇಳುತ್ತಿದ್ದಳು. ಅವಳ ಬಾಯಿಗೆ ಹೆದರಿ ಆಸ್ಪತ್ರೆಯ ಅಧೀಕ್ಷಕ ರಜೆ ಹಾಕಿ ಹೋದ. ಅಪರೂಪಕ್ಕೆ ಆ ಶಿಫಾರಸು ಫಲಿಸಿತು, ಕಸಿಯಾಯಿತು, ಆಮೇಲೆ ಮದುವೆಯೂ ಆಯಿತು.

ಕಸಿ ಮಾಡಿದ ಚರ್ಮ ಮೈ ಮುಚ್ಚುತ್ತದೆ, ಆದರೆ ಬೆವರುವುದಿಲ್ಲ. ಬೆವರಿನ ಗ್ರಂಥಿಗಳು ಆಳದಲ್ಲಿ ಸುಟ್ಟು ಹೋಗಿರುತ್ತವೆ, ಮತ್ತೆ ಹುಟ್ಟುವುದಿಲ್ಲ. ನಮ್ಮ ನಿಮ್ಮ ಮೈ ಬಿಸಿಯಾದರೆ ಬೆವರಿ ತಣ್ಣಗಾಗುತ್ತದೆ. ಜಗದೇವಿಯ ಮೈಯೊಳಗಿನ ಬಿಸಿಗೆ ಹೊರಬರಲು ಅರ್ಧ ದಾರಿ ಮುಚ್ಚಿಹೋಗಿತ್ತು. ತನ್ನದು ಕಿಟಕಿ ಇಲ್ಲದ ಮನೆ ಎಂದು ಅವಳೇ ನಗುತ್ತಿದ್ದಳು. ಹಳೆಯ ಬೇಸಿಗೆಗಳಲ್ಲಿ ಒದ್ದೆ ಸೀರೆ ಹೊದ್ದು ಕಳೆಯುತ್ತಿದ್ದಳು. ಈಗಿನ ಬೇಸಿಗೆಗೆ ಒದ್ದೆ ಸೀರೆ ಯಾವ ಲೆಕ್ಕ? ಒಳಗಿನ ಕೋಣೆಯ ತಂಪು ಯಂತ್ರ ತಿರುಗುತ್ತಿರುವತನಕ ಅವಳು ಬದುಕಿರುತ್ತಾಳೆ, ಅಷ್ಟೇ ವಿಷಯ.

ಅಂಬಾರಾಯ ಉಪ ಜನಾಯುಕ್ತನಾದ ದಿನವೇ ಒಂದು ನಿಯಮ ಬರೆದಿದ್ದ. ಪೀಠದಲ್ಲಿ ಕೆಲಸ ಮಾಡುವವರಾಗಲಿ, ಅವರ ಮನೆಯವರಾಗಲಿ ಪೀಠಕ್ಕೆ ದೂರು ಕೊಡುವಂತಿಲ್ಲ. ನಮ್ಮವರ ದೂರನ್ನು ನಾವೇ ಕೇಳಿದರೆ ಜನ ನಮ್ಮನ್ನು ನಂಬುತ್ತಾರೆಯೇ ಎಂದು ಎಲ್ಲರನ್ನೂ ಕೂರಿಸಿಕೊಂಡು ತಿಳಿಹೇಳಿದ. ಮೊದಲು ರುಜು ಹಾಕಿಸಿದ್ದು ತನ್ನ ಹೆಂಡತಿಯಿಂದ. ಅವಳು ಹಾಕಿದಳು, ಇಷ್ಟು ದಿನ ಊರಿಗೆಲ್ಲ ಬಾಯಿ ಮಾಡಿದ್ದು ಸಾಕಾಗಿದೆ ಎಂದು ನಗೆಯಾಡಿದಳು. ಪೀಠದ ಜವಾನನ ಹೆಂಡತಿಯವರೆಗೆ ಎಲ್ಲರೂ ಹೆಮ್ಮೆಯಿಂದ ರುಜು ಹಾಕಿದರು. ಇಡೀ ದೇಶದಲ್ಲಿ ಇಂಥ ಶುದ್ಧಹಸ್ತದ ಪೀಠ ಇನ್ನೊಂದಿಲ್ಲ ಎಂದು ಪತ್ರಿಕೆಗಳು ಬರೆದವು.

ಮೊದಮೊದಲು ಅವರ ಮನೆಯ ಕರೆಂಟು ಎಲ್ಲರ ಮನೆಯಂತೆ ಅಪರೂಪಕ್ಕೆ ಹೋಗುತ್ತಿತ್ತು. ಎರಡನೆಯ ಬೇಸಿಗೆಗೆ ವಾರಕ್ಕೆ ಕೆಲವು ಸಲ ಹೋಗತೊಡಗಿತು. ಈ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ, ಬಿಸಿಲು ನೆತ್ತಿಗೇರುವ ಹೊತ್ತಿಗೇ, ಯಾರೋ ಕಾದು ಕೂತವರಂತೆ ತೆಗೆಯುತ್ತಿದ್ದರು. ಜಗದೇವಿ ಗಂಡನಿಗೆ ಹೇಳಲಿಲ್ಲ. ಅವನು ಸಂಜೆ ಬರುವಷ್ಟರಲ್ಲಿ ಕರೆಂಟು ಬಂದಿರುತ್ತಿತ್ತು, ಅವಳು ಮುಖ ತೊಳೆದು ರೊಟ್ಟಿ ಬಡಿಯಲು ಕೂತಿರುತ್ತಿದ್ದಳು. ಒಂದು ದಿನ ಮರೆತುಹೋದ ಕನ್ನಡಕಕ್ಕೆಂದು ಅವನು ಮಧ್ಯಾಹ್ನವೇ ಮನೆಗೆ ಬಂದ. ಬಚ್ಚಲ ನೆಲದ ಮೇಲೆ ಬಿದ್ದಿದ್ದಳು. ಮೈ ಮುಟ್ಟಿದರೆ ಕಾದ ಹಂಚು. ಅವನನ್ನು ನೋಡಿ, ಬೇಳೆ ಹರವಿ ಆಯಿತೇ ಎಂದು ಯಾವುದೋ ಕಾಲದ ಗಿರಣಿಯ ಮಾತು ಕೇಳಿದಳು.

ಆಸ್ಪತ್ರೆಯಲ್ಲಿ ಮಂಜುಗಡ್ಡೆ ಹಾಕಿ ಅವಳನ್ನು ಉಳಿಸಿದರು. ಉಸಿರಿನ ಯಂತ್ರದವರಿಗೆ, ಡಯಾಲಿಸಿಸ್‌ನವರಿಗೆ ಕರೆಂಟು ತೆಗೆಯಬಾರದೆಂಬ ವಿನಾಯಿತಿ ಇದೆಯಲ್ಲ, ಇವಳಿಗೂ ಕೊಡಿ ಎಂದು ಅವನು ಕೇಳಿದ. ಹಳೆಯ ಸುಟ್ಟ ಗಾಯ ಅದರಲ್ಲಿ ಸೇರಿಲ್ಲ, ಸೇರಿಸಬೇಕಾದರೆ ಜನಾಯುಕ್ತರಿಗೆ ದೂರು ಕೊಡಬೇಕು ಎಂದು ಡಾಕ್ಟರು ಹೇಳಿದರು. ಹೇಳಿದ ಮೇಲೆ ತಾವು ಯಾರಿಗೆ ಹೇಳುತ್ತಿದ್ದೇವೆಂದು ಹೊಳೆದು ಅವರಿಗೇ ಸಂಕೋಚವಾಯಿತು.

ಮರುದಿನ ಅಂಬಾರಾಯ ನೇರವಾಗಿ ವಿದ್ಯುತ್ ನಿಯಂತ್ರಣ ಕೊಠಡಿಗೆ ಹೋದ. ಸಮತೋಲದ ಉಸ್ತುವಾರಿಗೆ ಅಲ್ಲಿ ಫರ್ಹಾನಾ ಇನಾಮದಾರ ಎಂಬ ಇಂಜಿನಿಯರ್ ಇದ್ದಳು. ಯಂತ್ರ ಬಂದಾಗಿನಿಂದ ಇವನಿಗೆ ಪರಿಚಯ. ಅವನ ಮನೆಯಲ್ಲಿ ಪುಂಡಿಪಲ್ಯ ರೊಟ್ಟಿ ಉಂಡವಳು, ಜಗದೇವಿಯನ್ನು ಅಕ್ಕ ಎನ್ನುತ್ತಿದ್ದಳು. ಕೊಠಡಿ ತಣ್ಣಗಿತ್ತು. ಗೋಡೆಯಗಲ ಪರದೆಯಲ್ಲಿ ಊರಿನ ನಕ್ಷೆ, ಒಂದೊಂದು ಮನೆಗೂ ಒಂದೊಂದು ಚುಕ್ಕೆ. ಯಂತ್ರ ಕೆಟ್ಟಿರಬೇಕು, ನನ್ನ ಮನೆಯನ್ನೇ ಹಿಡಿದುಕೊಂಡಿದೆ, ಸರಿಮಾಡು ಎಂದು ಅವನು ಕೇಳಿದ. ಫರ್ಹಾನಾ ಕುರ್ಚಿ ಎಳೆದು ಅವನನ್ನು ಕೂರಿಸಿದಳು.

“ಯಂತ್ರ ಕೆಟ್ಟಿಲ್ಲ ಸರ್,” ಎಂದಳು. “ನೀವು ಹೇಳಿದ್ದೇ ಮಾಡ್ಲತ್ತದ. ದೂರು ಕಮ್ಮಿ ಮಾಡು ಅಂದ್ರಿ. ಕಮ್ಮಿ ಮಾಡ್ಯಾದ.”

ಅವಳು ಬಿಡಿಸಿ ಹೇಳಿದಳು. ದಿನಾ ಇಷ್ಟು ಕರೆಂಟು ಎಲ್ಲಿಂದಲಾದರೂ ತೆಗೆಯಲೇಬೇಕು, ಆ ಒಟ್ಟು ಮೊತ್ತ ಯಾರು ಏನು ಮಾಡಿದರೂ ಕಮ್ಮಿಯಾಗುವುದಿಲ್ಲ. ಒಂದು ಮನೆಯವರು ದೂರು ಕೊಟ್ಟರು, ಪೀಠ ಎತ್ತಿಹಿಡಿಯಿತು ಎಂದಿಟ್ಟುಕೊಳ್ಳಿ. ಯಂತ್ರ ಆ ಮನೆಯನ್ನು ಬಿಟ್ಟು ಅವರ ಪಾಲನ್ನು ಇನ್ನೊಂದು ಮನೆಯ ಮೇಲೆ ಹಾಕುತ್ತದೆ. ಅವರೂ ದೂರು ಕೊಟ್ಟರೆ ಮೂರನೆಯ ಮನೆ. ಹೀಗೆ ಒಂದೊಂದು ದೂರೂ ಅದಕ್ಕೆ ಒಂದೊಂದು ಪಾಠ. ಯಾರು ಬಾಯಿ ಮಾಡುತ್ತಾರೆ, ಯಾರು ಸುಮ್ಮನಿರುತ್ತಾರೆ ಎಂದು ಕಲಿಯುತ್ತ ಹೋಯಿತು. ಕೊನೆಗೆ ಯಾರು ಎಷ್ಟು ಬೆಂದರೂ ದೂರು ಕೊಡುವುದಿಲ್ಲವೋ ಅವರ ಮೇಲೆ ಎಲ್ಲವನ್ನೂ ಸುರಿಯತೊಡಗಿತು. ಅದಕ್ಕೆ ಅವರ ಮೇಲೆ ದ್ವೇಷವೇನಿಲ್ಲ. ಅವರು ಇದ್ದಾರೆಂದೂ ಅದಕ್ಕೆ ಗೊತ್ತಿಲ್ಲ. ಅವರಿಂದ ತಪ್ಪು ದಾಖಲಾಗುವುದಿಲ್ಲ ಎಂಬುದಷ್ಟೇ ಗೊತ್ತು.

ನಕ್ಷೆಯಲ್ಲಿ ಅವಳು ಎರಡು ಕಡೆ ಬೆರಳಿಟ್ಟು ತೋರಿಸಿದಳು. ಎರಡೂ ಕಡೆ ಚುಕ್ಕೆಗಳು ಕರೆಂಟು ತೆಗೆದ ಗುರುತಿಗೆ ಕಪ್ಪಾಗಿದ್ದವು. ಒಂದು, ಗಿರಣಿ ಓಣಿ. ಬೇಳೆ ಗಿರಣಿಯ ಕೂಲಿಯವರು ಗಿರಣಿ ಮಾಲಕನ ಜಾಗದಲ್ಲಿ ತಗಡು ಹೊದಿಸಿಕೊಂಡು ಇದ್ದ ಓಣಿ ಅದು. ಸರ್ಕಾರದ ಜನ ವಿಚಾರಣೆಗೆ ಬಂದರೆ ಮಾಲಕ ತಗಡು ಕಿತ್ತೆಸೆಯುತ್ತಾನೆ, ಹಾಗಾಗಿ ಅವರು ಯಾವತ್ತೂ ಯಾರಿಗೂ ದೂರು ಕೊಟ್ಟವರಲ್ಲ. ಇನ್ನೊಂದು, ಜನಾಯುಕ್ತರ ಪೀಠದ ನೌಕರರ ಮನೆಗಳು.

“ಇಡೀ ಊರಾಗ ದೂರು ಕೊಡಬಾರ್ದು ಅಂತ ಬರ್ಕೊಟ್ಟವರು ನೀವಷ್ಟೇ ಸರ್,” ಎಂದಳು ಫರ್ಹಾನಾ. “ನಿಮ್ಮವರದು ಒಂದು ಮನಿ ಬಾಯಿ ಬಿಟ್ರೂ ಹೆಚ್ಚಿಂದೆಲ್ಲಾ ಗಿರಣಿ ಓಣಿ ಮ್ಯಾಲೇ ಬೀಳ್ತದ. ಇಬ್ಬರ ಪಾಲು ಒಬ್ಬರಿಗಿ.”

ತಾನು ಎತ್ತಿಹಿಡಿದ ಒಂದೊಂದು ದೂರೂ ಅಂಬಾರಾಯನ ಕಣ್ಣ ಮುಂದೆ ಬಂತು. ಕೈ ಹಿಡಿದು ಅತ್ತ ಮಾಸ್ತರರು ಬಂದರು. ಆ ಮಾಸ್ತರರ ಮಧ್ಯಾಹ್ನಗಳನ್ನು ತಾನು ಗಿರಣಿ ಓಣಿಯ ತಗಡಿನ ಕೆಳಗೆ ತಂದು ಸುರಿದಿದ್ದೆ ಎಂದು ಅವನಿಗೆ ತಿಳಿಯಿತು. ಇಷ್ಟು ವರ್ಷ ನ್ಯಾಯವೆಂದು ಹಂಚಿದ್ದು ಇದನ್ನೇ.

ಹಾಗೆಂದು ಅವನು ಸುಮ್ಮನೆ ಕೂತನೆಂದಲ್ಲ. ದಿಲ್ಲಿಯಲ್ಲಿದ್ದ ಜನಾಯುಕ್ತೆಗೆ ಫೋನು ಹಚ್ಚಿದ. ಆಕೆ ಒಳ್ಳೆಯ ಹೆಂಗಸು, ಪೂರ್ತಿ ಕೇಳಿಸಿಕೊಂಡಳು. ದೂರುಗಳನ್ನಲ್ಲ, ಸಾವುಗಳನ್ನು ಎಣಿಸುವಂತೆ ಯಂತ್ರಕ್ಕೆ ಹೇಳಿಕೊಡಿ ಎಂದು ಅವನು ಅಂಗಲಾಚಿದ. ಸೆಕೆಗೆ ಸತ್ತರೆಂದು ಯಾವ ಡಾಕ್ಟರೂ ಬರೆಯುವುದಿಲ್ಲ, ಹೃದಯ ನಿಂತಿತು ಎಂದು ಬರೆಯುತ್ತಾರೆ, ಎಲ್ಲ ಸಾವಿನಲ್ಲೂ ಹೃದಯ ನಿಲ್ಲುತ್ತದೆ, ಅದನ್ನು ಹಿಡಿದು ಯಂತ್ರ ಏನು ಕಲಿಯಬೇಕು ಎಂದು ಆಕೆ ಕೇಳಿದಳು. ದೇಶದಲ್ಲಿ ದೂರುಗಳು ಇಷ್ಟು ಇಳಿದದ್ದು ಹಿಂದೆಂದೂ ಇಲ್ಲ, ಮಂತ್ರಿಮಂಡಲ ಕುಣಿದಾಡುತ್ತಿದೆ, ಈಗ ಹೋಗಿ ಯಂತ್ರ ಬದಲಿಸಿ ಎಂದರೆ ಯಾರು ಕೇಳುತ್ತಾರೆ ಎಂದೂ ಹೇಳಿದಳು. ಶಿಫಾರಸು ಬರೆದು ಕಳಿಸಿ, ಮೇಲಕ್ಕೆ ಕಳಿಸುತ್ತೇನೆ ಎಂದಳು. ಬರೆದು ಕಳಿಸಿದ. ಇಂಧನ ಇಲಾಖೆಯಿಂದ ಉತ್ತರವೂ ಬಂತು. ಗಮನಿಸಲಾಗಿದೆ.

ಗಿರಣಿ ಓಣಿಗೂ ಹೋದ. ದೂರು ಕೊಡಿ, ನಿಮ್ಮ ಹೆಸರು ಗುಟ್ಟಾಗಿಡುತ್ತೇನೆ ಎಂದು ಬೇಡಿಕೊಂಡ. ಅಲ್ಲಿಯ ಹಿರಿಯನೊಬ್ಬ ನೀರು ಕೊಟ್ಟು, ಮರ್ಯಾದೆಯಿಂದಲೇ ಅವನನ್ನು ವಾಪಸು ಕಳಿಸಿದ. ಹೆಸರು ಗುಟ್ಟಾಗಿಟ್ಟರೇನು, ಓಣಿಯಲ್ಲಿ ಫ್ಯಾನು ತಿರುಗಿದರೆ ಯಾರೋ ದೂರು ಕೊಟ್ಟಿದ್ದಾರೆಂದು ಮಾಲಕನಿಗೆ ಗೊತ್ತಾಗುವುದಿಲ್ಲವೇ ಎಂಬುದು ಅವನ ಮಾತು. ಹೋಗಲಿ, ಅವರ ಪರವಾಗಿ ತಾನೇ ದೂರು ದಾಖಲಿಸೋಣವೆಂದರೆ ಪೀಠಕ್ಕೆ ಆ ಅಧಿಕಾರ ಉಳಿದಿರಲಿಲ್ಲ. ಸ್ವಂತ ಬಾಯಲ್ಲಿ ಹೇಳಿದ್ದೇ ದೂರು ಎಂದು ಯಂತ್ರ ಬಂದ ಹೊಸತರಲ್ಲಿ ಕಾನೂನು ತಿದ್ದಿದ್ದರು. ದಲ್ಲಾಳಿಗಳ ಕಾಟ ತಪ್ಪುತ್ತದೆಂದು ಆಗ ಅಂಬಾರಾಯನೇ ಅದಕ್ಕೆ ಕೈಯೆತ್ತಿದ್ದ.

ಇನ್ನು ಉಳಿದದ್ದು ಪೀಠದಲ್ಲಿ ದೂರು ಎತ್ತಿಹಿಡಿಯುವುದನ್ನು ನಿಲ್ಲಿಸುವುದು. ಎರಡು ದಿನ ಹಾಗೂ ಮಾಡಿನೋಡಿದ. ಕೂಸು ಬಗಲಲ್ಲಿ ಹೊತ್ತು ಬಂದ ಬಾಣಂತಿಯ ದೂರನ್ನು ತಳ್ಳಿಹಾಕಿದ. ಅವಳು ಕೊಟ್ಟ ದೂರು ಖರೆ ಇತ್ತು. ತಳ್ಳಿಹಾಕಿದ್ದನ್ನೂ ಯಂತ್ರ ಕಲಿತುಕೊಂಡಿತು. ಈ ಹೆಂಗಸು ಕೂಗಿದರೂ ತಪ್ಪು ದಾಖಲಾಗುವುದಿಲ್ಲ ಎಂದು ಅವಳ ಮನೆಯ ಚುಕ್ಕೆಯನ್ನೂ ಕಪ್ಪು ಮಾಡಿತು. ಫರ್ಹಾನಾ ಫೋನು ಮಾಡಿ ಹೇಳಿದಾಗ ಅವನು ತಲೆ ಮೇಲೆ ಕೈ ಹೊತ್ತು ಕೂತ. ಬಾಣಂತಿಯನ್ನು ಕರೆಸಿ ದೂರನ್ನು ಎತ್ತಿಹಿಡಿದ. ಅವಳು ಅವನ ಕಾಲಿಗೆ ಬಿದ್ದು ಹೋದಳು. ಅವಳ ಪಾಲು ಎಲ್ಲಿಗೆ ಹೋಯಿತೆಂದು ಕೇಳುವ ಧೈರ್ಯ ಅವನಿಗೆ ಆಗಲಿಲ್ಲ.

ಆ ವಾರ ಜಗದೇವಿ ಮತ್ತೆ ಬಿದ್ದಳು. ಈ ಸಲ ಸೆಳವು ಬಂತು. ಡಾಕ್ಟರು ಅವನನ್ನು ಬದಿಗೆ ಕರೆದು, ಮೂತ್ರಪಿಂಡ ಸೋತಿದೆ, ಇನ್ನೊಂದು ಸಲ ಹೀಗಾದರೆ ನಮ್ಮ ಕೈಯಲ್ಲಿಲ್ಲ ಎಂದು ಹೇಳಿಬಿಟ್ಟರು. ಆಸ್ಪತ್ರೆಯಲ್ಲೇ ಇರಿಸಿಕೊಳ್ಳಿ ಎಂದರೆ ವರಾಂಡದಲ್ಲೂ ಜಾಗವಿರಲಿಲ್ಲ. ಕೆಲಸ ಬಿಡುತ್ತೇನೆ, ಆಗಲಾದರೂ ಇವಳು ದೂರು ಕೊಡಬಹುದಲ್ಲ ಎಂದು ಅವನು ಲೆಕ್ಕ ಹಾಕಿದ. ಬಿಟ್ಟ ಮೇಲೂ ಎರಡು ವರ್ಷ ನಿರ್ಬಂಧ ಮುಂದುವರಿಯುತ್ತದೆ ಎಂದು ಅವನೇ ಬರೆದಿದ್ದ. ಎಷ್ಟು ಚೊಕ್ಕವಾಗಿ ಬರೆದಿದ್ದ, ಪುಣ್ಯಾತ್ಮ! ಎಲ್ಲಿಯೂ ಒಂದು ಸೂಜಿ ತೂರುವಷ್ಟು ಸಂದಿಯಿಲ್ಲ.

ಹೆಂಡತಿಯ ಮಂಚದ ಪಕ್ಕದಲ್ಲಿ ಕೂತು, ಅವಳ ತುಟಿ ಒಡೆದು ರಕ್ತ ಒಣಗಿದ್ದನ್ನು ನೋಡುತ್ತ ಅಂಬಾರಾಯ ನಿರ್ಧಾರಕ್ಕೆ ಬಂದ. ಗಿರಣಿ ಓಣಿ ಅವನಿಗೆ ಮರೆತಿರಲಿಲ್ಲ. ಇಬ್ಬರ ಪಾಲು ಒಬ್ಬರಿಗೆ ಎಂದು ಫರ್ಹಾನಾ ಹೇಳಿದ್ದೂ ಕಿವಿಯಲ್ಲೇ ಇತ್ತು. ಎಲ್ಲವೂ ಗೊತ್ತಿದ್ದೇ ಮಾಡಿದ.

ಪೀಠದ ಕೋಣೆಯ ಬಾಗಿಲು ಹಾಕಿಕೊಂಡು, ತನ್ನ ಮನೆಗೆ ಮಾತ್ರ ನಿಯಮ ಸಡಿಲಿಸಿ ತಾನೇ ಆದೇಶ ಬರೆದ. ಎಲ್ಲ ನೌಕರರಿಗೂ ಸಡಿಲಿಸಬಹುದಿತ್ತು. ಹಾಗೆ ಮಾಡಿದರೆ ಗಿರಣಿ ಓಣಿಯ ಮೇಲೆ ಇನ್ನೆಷ್ಟು ಬೀಳುತ್ತದೆಂದು ಯೋಚಿಸಿ ತನ್ನದೊಂದಕ್ಕೇ ನಿಲ್ಲಿಸಿದ. ಇದನ್ನೂ ಅವನು ತನಗೆ ತಾನು ದಯೆಯೆಂದೇ ಹೇಳಿಕೊಂಡ. ಆಮೇಲೆ ಜಗದೇವಿಯನ್ನು ಗಾಲಿಕುರ್ಚಿಯಲ್ಲಿ ತಂದು ಮುಂದೆ ಕೂರಿಸಿದ. ಅವಳಿಗೆ ನಗು ಬಂತು. ಹಿಂದೆ ಇದೇ ಕಚೇರಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದಾಗ ನೀವು ಎಷ್ಟು ತೆಳ್ಳಗಿದ್ದಿರಿ ಎಂದಳು. ಕರೆಂಟು ತೆಗೆದದ್ದರಿಂದ ತನ್ನ ಜೀವಕ್ಕೆ ಅಪಾಯವಿದೆಯೆಂದು ಸ್ವಂತ ಬಾಯಲ್ಲಿ ಹೇಳಿದಳು. ಅವನು ಎತ್ತಿಹಿಡಿದ.

“ಇದು ಎಲ್ಲಿಂದ ಬರ್ತದ್ರೀ?” ಎಂದು ಅವಳು ಹೊರಡುವಾಗ ಕೇಳಿದಳು. “ಯಾರದರ ಮನಿದು ತೆಗೀತಾರೇನು?”

“ಸರ್ಕಾರದ್ದು ಬೇರೆ ಅದ,” ಎಂದ ಅಂಬಾರಾಯ. ಮದುವೆಯಾದಾಗಿನಿಂದ ಅವನು ಅವಳಿಗೆ ಹೇಳಿದ ಮೊದಲ ಸುಳ್ಳು ಅದೇ ಇರಬೇಕು.

ಮರುದಿನ ಮಧ್ಯಾಹ್ನ ಕರೆಂಟು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಒಳಗಿನ ಕೋಣೆ ಬೆಳಗಿನ ಜಾವದ ಹಾಗೆ ತಣ್ಣಗಿರುತ್ತಿತ್ತು. ಜಗದೇವಿಯ ಮುಖಕ್ಕೆ ಕಳೆ ಬಂತು, ಎದ್ದು ಓಡಾಡಿದಳು, ಬೇಡವೆಂದರೂ ಕೇಳದೆ ಶೇಂಗಾ ಹೋಳಿಗೆ ಮಾಡಿದಳು. ಅಂಬಾರಾಯ ಸಂಜೆ ಬೇಗ ಮನೆಗೆ ಬರತೊಡಗಿದ. ಕಚೇರಿಯಲ್ಲಿ ಪೀಠದ ಉಳಿದವರು ಆದೇಶದ ಸುದ್ದಿ ತಿಳಿದು ಅವನಿಗೆ ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿದ್ದರು. ಅವರ ಮನೆಗಳಲ್ಲಿ ಮಧ್ಯಾಹ್ನ ಹೇಗಿರುತ್ತದೆಂದು ಅವನಿಗೆ ಗೊತ್ತಿತ್ತು. ನಿಯಂತ್ರಣ ಕೊಠಡಿಯ ಕಡೆ ಅವನು ತಲೆ ಹಾಕಿಯೂ ಮಲಗಲಿಲ್ಲ.

ಚಾಂದಿಬಾಯಿಗೆ ಕಾಯಿಲೆ ಜೋರಾಗಿದೆಯೆಂದು ತರಕಾರಿಯವಳ ಬಾಯಿಂದ ಸುದ್ದಿ ಬಂತು. ಗಿರಣಿಯಲ್ಲಿ ಜಗದೇವಿಯ ಜೊತೆ ಕಾಳು ಹರವುತ್ತಿದ್ದವಳು ಚಾಂದಿಬಾಯಿ. ಭಟ್ಟಿ ಸಿಡಿದ ದಿನ ಉರಿಯೊಳಗೆ ಕೈಹಾಕಿ ಇವಳನ್ನು ಹೊರಗೆಳೆದವಳು. ಈಗಲೂ ಅದೇ ಗಿರಣಿ ಓಣಿಯಲ್ಲಿದ್ದಳು. ಜಗದೇವಿ ಗಂಡನಿಗೆ ಹೇಳದೆ, ಒದ್ದೆ ಬಟ್ಟೆ ಸುತ್ತಿಕೊಂಡು, ಬಿಸಿಲು ಸ್ವಲ್ಪ ಇಳಿಯುತ್ತಲೇ ಆಟೋದಲ್ಲಿ ಹೋದಳು.

ಓಣಿಯಲ್ಲಿ ಎರಡು ಮನೆಗಳ ಮುಂದೆ ಹೆಣಕ್ಕೆ ಹಾಕಿದ ಹೂವು ಇನ್ನೂ ಬಿದ್ದಿತ್ತು. ಒಬ್ಬ ಮುದುಕ ಹಿಂದಿನ ದಿನ ಹೋಗಿದ್ದ, ಒಂದು ಕೂಸು ಅವತ್ತೇ ಬೆಳಿಗ್ಗೆ. ಊರಿನದ್ದೆಲ್ಲ ನಮ್ಮ ಮೇಲೆಯೇ ಹಾಕಿದ ಹಾಗೆ ಈ ವಾರ ಬೆಳಗಿನಿಂದ ಸಂಜೆಯತನಕ ಕರೆಂಟಿಲ್ಲ ಎಂದು ಯಾರೋ ಹೇಳಿದರು. ಯಾವತ್ತಿನಿಂದ ಎಂದು ಜಗದೇವಿ ಕೇಳಿದಳು. ಅವರು ಹೇಳಿದ್ದು ಅವಳು ದೂರು ಕೊಟ್ಟ ಮರುದಿನವನ್ನು. ಹುಟ್ಟಾ ಪ್ರಶ್ನೆ ಕೇಳುವ ಹೆಂಗಸು, ತಿಳಿಯಲು ಹೊತ್ತೇನೂ ಬೇಕಾಗಲಿಲ್ಲ.

ಚಾಂದಿಬಾಯಿಯನ್ನು ಆಸ್ಪತ್ರೆಗೆ ಒಯ್ಯಲು ಹೊರಸಿನ ಮೇಲೆ ಮಲಗಿಸಿ ಹೊರಗೆ ತಂದಿದ್ದರು. ಮೈ ಸುಡುತ್ತಿತ್ತು, ಕಣ್ಣು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆದರೂ ಜಗದೇವಿಯನ್ನು ಗುರುತಿಸಿದಳು. ಗುರುತಿಸಿ ಗಾಬರಿಯಾದಳು.

“ಈ ಬಿಸಲಾಗ ಯಾಕ ಬಂದಿ?” ಎಂದಳು. “ನಿಮ್ಮ ಮನ್ಯಾಗ ಕರೆಂಟ್ ಅದನಾ?”

ಇದೆ ಎಂದು ಜಗದೇವಿ ತಲೆಯಾಡಿಸಿದಳು.

“ಛಲೋ ಆಯ್ತು. ನಿನ್ನ ಮೈಗಿ ಬೇಕದು. ಹೋಗು, ಮನಿಗಿ ಹೋಗು.”

ಆಸ್ಪತ್ರೆ ಮುಟ್ಟುವ ಮೊದಲೇ ಚಾಂದಿಬಾಯಿಯ ಜೀವ ಹೋಯಿತು. ಡಾಕ್ಟರು ಹೃದಯ ನಿಂತಿತೆಂದು ಬರೆದರು.

ಅಂಬಾರಾಯ ಮನೆಗೆ ಬಂದಾಗ ಒಳಗಿನ ಕೋಣೆಯ ತಂಪು ಯಂತ್ರ ನಿಂತಿತ್ತು. ಜಗದೇವಿ ಮಂಚದ ತುದಿಯಲ್ಲಿ ಕೂತಿದ್ದಳು. ಕರೆಂಟು ಹೋಗಿದೆಯೇ ಎಂದು ಅವನು ಗಾಬರಿಯಿಂದ ಕೇಳಿದ. ನಾನೇ ಆರಿಸಿದ್ದೇನೆ ಎಂದಳು. ಚಾಂದಿಬಾಯಿ ಸತ್ತದ್ದನ್ನು ಹೇಳಿದಳು. ದನಿ ಏರಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಇಷ್ಟು ಮೆಲ್ಲಗೆ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ.

“ನಿಮಗ ಗೊತ್ತಿತ್ತಾ?”

“ಗೊತ್ತಿತ್ತು.”

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರ ಎನ್ನಿಸುತ್ತಿತ್ತು. ಯಂತ್ರ ಹಚ್ಚಲು ಅವನು ಎದ್ದರೆ ಮುಟ್ಟಬೇಡಿ ಎಂದಳು. ಮರುದಿನವೂ ಹಚ್ಚಲಿಲ್ಲ. ಬೆಳಿಗ್ಗೆಯಿಂದ ಸೆಕೆ ಏರುತ್ತ ಹೋಯಿತು, ಅವಳ ಮುಖ ಕೆಂಪಾಗುತ್ತ ಹೋಯಿತು. ಅವನು ಕಚೇರಿಗೆ ಹೋಗದೆ ಅವಳ ಮುಂದೆ ನೆಲದ ಮೇಲೆ ಕೂತು ಬೇಡಿಕೊಂಡ, ಗದರಿದ, ಕಾಲು ಹಿಡಿದ. ಓಣಿಯಲ್ಲಿ ಇನ್ನೂ ಜನ ಇದ್ದಾರೆ, ಕೂಸುಗಳಿವೆ, ನಾನು ಬಿಟ್ಟ ಕರೆಂಟು ಅವರಿಗಾದರೂ ಹೋಗಲಿ ಎಂಬುದು ಅವಳ ಹಟ. ನೆತ್ತಿಯ ಮೇಲೆ ಬಿಸಿಲು ಬಂದ ಹೊತ್ತಿಗೆ ಅವಳ ಮಾತು ತೊದಲತೊಡಗಿತು. ಅಂಬಾರಾಯ ಬೇರೆ ದಾರಿ ಕಾಣದೆ ಫರ್ಹಾನಾಗೆ ಫೋನು ಹಚ್ಚಿ, ನೀನಾದರೂ ಹೇಳಮ್ಮ ಎಂದು ಜಗದೇವಿಯ ಕೈಗೆ ಕೊಟ್ಟ. ಜಗದೇವಿ ಕಷ್ಟಪಟ್ಟು ಒಂದೊಂದೇ ಮಾತು ಕೂಡಿಸಿ ಕೇಳಿದಳು.

“ನಾ ನಿನ್ನೆಯಿಂದ ಬಿಟ್ಟಿದ್ದು ಎಲ್ಲಿಗಿ ಹೋಗ್ಯಾದ ನೋಡಿ ಹೇಳು, ತಂಗಿ.”

ಆ ಕಡೆ ಗುಂಡಿ ಒತ್ತುವ ಸದ್ದು ಕೇಳಿಸಿತು.

“ಬಸ್ ಸ್ಟ್ಯಾಂಡ್ ಬಾಜೂಕ ಮದುವಿ ಹಾಲ್ ಅದಲ್ಲಕ್ಕ,” ಎಂದಳು ಫರ್ಹಾನಾ. “ಅದಕ್ಕ ಹೋಗ್ಯಾದ. ಆ ಮಾಲಕ ಭಾಳ ದೂರು ಕೊಡ್ತಾನ. ಮಿಕ್ಕಿದ್ದು ಮೊದಲ ಅಂಥವರಿಗೇ ಹೋಗ್ತದ. ಓಣಿಗಿ ಹೋಗಲ್ಲ.”

“ಪೂರಾ ಬಿಟ್ರ?”

“ಪೂರಾ ಬಿಟ್ರೂ.”

“ನಾ ಸತ್ತರ?”

ಫರ್ಹಾನಾ ಅಳುತ್ತಿದ್ದಳು. “ಸತ್ತರೂ ಹೋಗಲ್ಲಕ್ಕ.”

ಜಗದೇವಿ ಫೋನನ್ನು ಹಾಸಿಗೆಯ ಮೇಲಿಟ್ಟಳು. ತುಂಬಾ ಹೊತ್ತು ತನ್ನ ಕೈಗಳನ್ನೇ ನೋಡುತ್ತ ಕೂತಳು. ಕೊನೆಗೆ ಅವಳು ಗೋಡೆ ಹಿಡಿದು ಎದ್ದಳು, ಅವನು ಕೈ ಕೊಡಲು ಬಂದರೆ ಹಿಡಿಯಲಿಲ್ಲ, ನಡೆದುಹೋಗಿ ತಾನೇ ಗುಂಡಿ ಒತ್ತಿದಳು. ಯಂತ್ರ ಗುಂಯ್ ಎಂದು ತಿರುಗಲು ಶುರುವಾಯಿತು. ಅವಳು ವಾಪಸು ಬಂದು ಅವನಿಗೆ ಬೆನ್ನು ಮಾಡಿ ಮಲಗಿದಳು.

“ಬಾಗಿಲು ಹಾಕ್ರಿ,” ಎಂದಳು. “ತಂಪು ಹೊರಗ ಹೋಗ್ತದ.”

ಅಂಬಾರಾಯ ಎದ್ದು ಬಾಗಿಲು ಹಾಕಿದ.